ಗ್ರೀಸಿನ ಸಣ್ಣ ರೈತ ತನ್ನ ಒಳ್ಳೆಯ ಎಣ್ಣೆಯನ್ನು ಟ್ಯಾಂಕರಿಗೆ ಸುರಿಯುವುದೇಕೆ?

ಮೆಸ್ಸೀನಿಯಾದಲ್ಲಿದ್ದವನು

ಕೆಲಸದ ನಿಮಿತ್ತ ಗ್ರೀಸಿನ ದಕ್ಷಿಣದ ಮೆಸ್ಸೀನಿಯಾ ಸೀಮೆಯಲ್ಲಿ, ಕಲಮಾಟಾ ಪಟ್ಟಣಕ್ಕೆ ಅರ್ಧ ಗಂಟೆ ದಾರಿಯ ಒಂದು ಹಳ್ಳಿಯಲ್ಲಿ, ಎರಡು ಸುಗ್ಗಿಗಳನ್ನು ಕಳೆದು ಬಂದಿದ್ದೇನೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನರಿಗೆ ನಲವತ್ತು ಸ್ಟ್ರೆಮ್ಮಾ ಆಲಿವ್ ತೋಪಿದೆ. ಒಂದು ಸ್ಟ್ರೆಮ್ಮಾ ಎಂದರೆ ಸಾವಿರ ಚದರ ಮೀಟರ್, ಹೆಚ್ಚುಕಡಿಮೆ ನಮ್ಮ ಹತ್ತು ಗುಂಟೆ. ಹೀಗಾಗಿ ಅವರು ಹತ್ತೆಕರೆಯ ರೈತ, ಅದೂ ಅಣ್ಣತಮ್ಮಂದಿರ ಪಾಲಿನಲ್ಲಿ ಏಳು ತುಂಡಾಗಿ ಚದುರಿಹೋದ ಹತ್ತೆಕರೆ.

ನವೆಂಬರಿನಲ್ಲಿ ಮರದಡಿ ಬಲೆ ಹಾಸಿ, ಕೊರೊನೇಕಿ ಎಂಬ ಚಿಕ್ಕ ಕಾಯಿಯ ತಳಿಯನ್ನು ಕೋಲಿನಿಂದ ಬಾಚಿ ಉದುರಿಸಿ, ಗೋಣಿಚೀಲಕ್ಕೆ ತುಂಬಿ ಅದೇ ಸಂಜೆ ಊರಿನ ಗಾಣಕ್ಕೆ ಒಯ್ಯುತ್ತಾರೆ. ಕೊನೆಯ ಕೊಳವೆಯಿಂದ ಇಳಿಯುವ ಎಣ್ಣೆ ಎಳೆಹುಲ್ಲಿನಷ್ಟು ಹಸಿರಾಗಿರುತ್ತದೆ. ಬ್ರೆಡ್ಡಿನ ತುಂಡನ್ನು ಅದರಲ್ಲಿ ಅದ್ದಿ ಬಾಯಿಗಿಟ್ಟರೆ ಗಂಟಲಲ್ಲಿ ಮೆಣಸಿನಂತೆ ಚುರುಗುಟ್ಟಿ ಕೆಮ್ಮು ಬರುತ್ತದೆ. ಅತ್ಯುತ್ತಮ ದರ್ಜೆಯ ಎಣ್ಣೆಯ ಆಮ್ಲತೆ ಶೇಕಡಾ 0.8 ಮೀರಬಾರದೆಂದು ನಿಯಮವಿದೆ, ಇವರದು 0.3. ಗಾಣದವನು ತನ್ನ ಕೂಲಿಯನ್ನು ಎಣ್ಣೆಯಲ್ಲೇ ಹಿಡಿದುಕೊಳ್ಳುತ್ತಾನೆ. ಮನೆಗೆ ಮತ್ತು ಅಥೆನ್ಸಿನಲ್ಲಿರುವ ಮಕ್ಕಳಿಗೆ ಹದಿನೇಳು ಕಿಲೋ ಹಿಡಿಯುವ ಕೆಲವು ತಗಡಿನ ಡಬ್ಬಗಳು ಹೋಗುತ್ತವೆ. ಉಳಿದದ್ದೆಲ್ಲ ಟ್ಯಾಂಕರಿಗೆ. ಆ ಟ್ಯಾಂಕರು ಹಡಗೇರಿ ಇಟಲಿ ಸೇರುತ್ತದೆ. ಅಲ್ಲಿ ಬೇರೆ ಎಣ್ಣೆಗಳೊಡನೆ ಬೆರೆತು, ಇಟಲಿಯ ಹೆಸರಿನ ಚಂದದ ಬಾಟಲಿಯಾಗಿ, ಹಿಂಬದಿಯಲ್ಲಿ ‘ಐರೋಪ್ಯ ಒಕ್ಕೂಟದ ಆಲಿವ್ ಎಣ್ಣೆಗಳ ಮಿಶ್ರಣ’ ಎಂಬ ಸಣ್ಣ ಅಕ್ಷರದ ಸಾಲನ್ನು ಹೊತ್ತು ಲೋಕಸಂಚಾರ ಮಾಡುತ್ತದೆ.

ಯಾರನ್ನು ಕೇಳಿದರೂ ‘ಸಣ್ಣ ರೈತರಿಗೆ ಬೆಂಬಲ ಕೊಡಬೇಕು, ಸಾಂಪ್ರದಾಯಿಕ ಉತ್ಪನ್ನ ರಫ್ತಾಗಬೇಕು’ ಎನ್ನುತ್ತಾರೆ. ಆ ಬೆಂಬಲ ಯಾವ ರೂಪದಲ್ಲಿ ಬಂದರೆ ಈ ಹತ್ತೆಕರೆಯ ಮನುಷ್ಯನ ಕೈಯಲ್ಲಿ ನಾಲ್ಕು ಕಾಸು ಉಳಿದೀತು? ಸಹಾಯಧನವೋ, ತರಬೇತಿಯೋ, ಸೀಮೆಯ ಹೆಸರಿನ ಮುದ್ರೆಯೋ, ಸಹಕಾರ ಸಂಘವೋ? ತಿಳಿದವರು ಹೇಳಬೇಕು.

ಕಾಫಿತೋಟ

ನಿಮ್ಮ ಟ್ಯಾಂಕರಿನ ಕಥೆ ಓದಿ ನಗು ಬಂತು, ಏಕೆಂದರೆ ನಮ್ಮದೂ ಅದೇ ಕಥೆ. ಭಾರತದ ಕಾಫಿಯ ಅತಿದೊಡ್ಡ ಗಿರಾಕಿ ಇಟಲಿ. ಕೊಡಗು ಚಿಕ್ಕಮಗಳೂರಿನ ರೊಬಸ್ಟಾ ಮೂಟೆಯಲ್ಲಿ ಹೋಗಿ ಅಲ್ಲಿ ಹುರಿದು, ಬೆರೆತು, ಎಸ್ಪ್ರೆಸ್ಸೊ ಆಗಿ, ಇಟಲಿಯ ಹೆಸರಿನಲ್ಲಿ ಕುಡಿಯಲ್ಪಡುತ್ತದೆ. ಬೆಳೆದವನ ಹೆಸರು ಮೂಟೆಯ ದಾರ ಬಿಚ್ಚುವಾಗಲೇ ಬಿದ್ದುಹೋಗುತ್ತದೆ.

ಲೆಕ್ಕಿಗ

ಮೂಲ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಯಜಮಾನರು ಟ್ಯಾಂಕರಿಗೆ ಸುರಿಯುವುದು ಅಜ್ಞಾನದಿಂದಲ್ಲ, ಲೆಕ್ಕ ಬಲ್ಲವರಾದ್ದರಿಂದ. ಹತ್ತೆಕರೆಯಲ್ಲಿ ಒಳ್ಳೆಯ ವರ್ಷ ಎರಡು ಮೂರು ಟನ್ ಎಣ್ಣೆ ಬಂದೀತು. ಆಲಿವ್ ಮರ ಒಂದು ವರ್ಷ ಹೊರೆ ಹೊತ್ತರೆ ಮರುವರ್ಷ ಕೈಕೊಡುತ್ತದೆ. ಹೊರದೇಶದ ಆಮದುದಾರನಿಗೆ ಬೇಕಾದದ್ದು ಪ್ರತಿ ವರ್ಷವೂ ಒಂದೇ ರುಚಿಯ, ಒಂದೇ ಪ್ರಮಾಣದ ಸರಕು, ಕನಿಷ್ಠ ಒಂದು ಕಂಟೇನರಿನಷ್ಟು. ಮೂರು ಟನ್ನಿನಿಂದ ಕಂಟೇನರಿನ ಒಂದು ಮೂಲೆಯೂ ತುಂಬುವುದಿಲ್ಲ.

ಇದರ ಮೇಲೆ ಕಪ್ಪು ಗಾಜಿನ ಬಾಟಲಿ, ಮುಚ್ಚಳ, ಚೀಟಿ, ಪ್ರಯೋಗಾಲಯದ ವರದಿ, ಬೆಳಕು ಗಾಳಿ ತಾಗದ ಸ್ಟೀಲು ತೊಟ್ಟಿ, ಇವಕ್ಕೆಲ್ಲ ಡಿಸೆಂಬರಿನಲ್ಲೇ ಹಣ ಹಾಕಬೇಕು. ಅಂಗಡಿಯವನಿಂದ ಹಣ ಬರುವುದು ಬೇಸಿಗೆಗೆ. ಟ್ಯಾಂಕರಿನವನು ಅಂದೇ ಬೆಲೆ ಕಟ್ಟಿ ಬೇಗ ಚುಕ್ತಾ ಮಾಡುತ್ತಾನೆ. ಕೂಲಿಯವರಿಗೆ ಶನಿವಾರ ಬಟವಾಡೆ ಕೊಡಬೇಕಾದವನು ಏನು ಮಾಡಬೇಕು ಹೇಳಿ. ಈ ಆರು ತಿಂಗಳ ಹಣಕಾಸಿನ ಕಂದಕವನ್ನು ಮುಚ್ಚದೆ ಕೊಡುವ ಯಾವ ತರಬೇತಿಯೂ ಪ್ರಮಾಣಪತ್ರ ಹಂಚುವ ಸಮಾರಂಭಕ್ಕಷ್ಟೇ ಸಾಕು.

ಹಳೇ ಸೊಸೈಟಿ ಕಾರ್ಯದರ್ಶಿ

ಒಬ್ಬನೇ ರೈತನನ್ನು ಮುಂದಿಟ್ಟುಕೊಂಡರೆ ಲೆಕ್ಕಿಗರ ಮಾತು ಸರಿ. ಆದರೆ ಒಬ್ಬನೇ ಏಕಿರಬೇಕು? ಗ್ರೀಸಿನಲ್ಲೇ ಖಿಯೋಸ್ ಎಂಬ ದ್ವೀಪವಿದೆ, ತುರ್ಕಿಯ ದಡಕ್ಕೆ ಅಂಟಿಕೊಂಡಂತೆ. ಅದರ ದಕ್ಷಿಣದ ಹಳ್ಳಿಗಳಲ್ಲಿ ಮಸ್ತಿಖಾ ಎಂಬ ಗೋಂದು ಬೆಳೆಯುತ್ತಾರೆ. ಬೇಸಿಗೆಯಲ್ಲಿ ಗಿಡ್ಡ ಮರಗಳ ಬುಡವನ್ನು ಗುಡಿಸಿ, ಸಾರಿಸಿದ ಅಂಗಳದಂತೆ ಮಾಡಿ, ಬಿಳಿಯ ಸುಣ್ಣಮಣ್ಣನ್ನು ಜರಡಿ ಹಿಡಿದು ಹರಡುತ್ತಾರೆ. ಮೊನಚಾದ ಉಪಕರಣದಿಂದ ತೊಗಟೆಗೆ ಸಣ್ಣ ಗೀರು ಹಾಕಿದರೆ ಮರ ಹನಿಹನಿಯಾಗಿ ಅಳುತ್ತದೆ. ಹನಿ ಬಿಳಿಮಣ್ಣಿನ ಮೇಲೆ ಬಿದ್ದು ಎರಡು ಮೂರು ವಾರಗಳಲ್ಲಿ ಗಟ್ಟಿಯಾಗುತ್ತದೆ. ಅದನ್ನು ಆಯ್ದು, ಚಳಿಗಾಲವಿಡೀ ಮನೆಯ ಹೆಂಗಸರು ಮೇಜಿನ ಸುತ್ತ ಕುಳಿತು ಸಣ್ಣ ಚೂರಿಯಿಂದ ಒಂದೊಂದೇ ಹರಳಿನ ಮಣ್ಣು ಕೆರೆಯುತ್ತಾರೆ. ಒಂದು ಮರದಿಂದ ವರ್ಷಕ್ಕೆ ಸಿಗುವುದು ಇನ್ನೂರು ಗ್ರಾಮಿನ ಆಸುಪಾಸು.

ಇಷ್ಟು ಶ್ರಮದ ಸರಕನ್ನು ದಲ್ಲಾಳಿಗಳು ಮನಬಂದ ಬೆಲೆಗೆ ಎತ್ತಬಾರದೆಂದು 1938ರಲ್ಲಿ ಬೆಳೆಗಾರರ ಒಕ್ಕೂಟ ಹುಟ್ಟಿತು. ಬೆಳೆದವರೆಲ್ಲರೂ ಒಕ್ಕೂಟಕ್ಕೇ ಕೊಡಬೇಕು, ಒಕ್ಕೂಟವೊಂದೇ ಮಾರಬೇಕು. 1997ರಲ್ಲಿ ಐರೋಪ್ಯ ಒಕ್ಕೂಟದ ಸಂರಕ್ಷಿತ ಹೆಸರು, ಎಂದರೆ ಆ ಸೀಮೆಯ ಸರಕಿಗೆ ಮಾತ್ರ ಮೀಸಲಾದ ಹೆಸರು, ದೊರೆಯಿತು. 2002ರಲ್ಲಿ ಅವರೇ ಒಂದು ಕಂಪನಿ ಕಟ್ಟಿ ಸೋಪು, ಹಲ್ಲುಜ್ಜುವ ಪೇಸ್ಟು, ಮದ್ಯ, ಮಿಠಾಯಿಗಳನ್ನು ತಮ್ಮದೇ ಅಂಗಡಿಗಳಲ್ಲಿ ಮಾರತೊಡಗಿದರು. 2014ರಲ್ಲಿ ಯುನೆಸ್ಕೋ ಈ ಕೃಷಿವಿದ್ಯೆಯನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. 2015ರಲ್ಲಿ ಯೂರೋಪಿನ ಔಷಧ ಸಂಸ್ಥೆ ಅದನ್ನು ಸಾಂಪ್ರದಾಯಿಕ ಮೂಲಿಕೆಯಾಗಿ ಒಪ್ಪಿತು. ಇವುಗಳ ಕ್ರಮವನ್ನು ಗಮನಿಸಿ: ಮೊದಲು ಸಂಘ, ಹೆಚ್ಚುಕಡಿಮೆ ಅರುವತ್ತು ವರ್ಷಗಳ ನಂತರ ಮುದ್ರೆ. ಈಗಿನವರು ಮುದ್ರೆ ಮೊದಲು ತಂದು, ಅದನ್ನು ಒತ್ತುವ ಕೈ ಯಾವುದೆಂದು ಆಮೇಲೆ ಹುಡುಕುತ್ತಾರೆ.

ಶಿವಾಜಿನಗರದ ಹುಡುಗ

ಇದೇ ಅಲ್ಲವೇ ಯುನಾನಿ ಅಂಗಡಿಗಳ ‘ರೂಮಿ ಮಸ್ತಗಿ’? ನಮ್ಮ ಅಜ್ಜಿ ಹೊಟ್ಟೆನೋವಿಗೆ ತರಿಸುತ್ತಿದ್ದರು. ಒಮ್ಮೆ ತಂದದ್ದರಲ್ಲಿ ಅರ್ಧಕ್ಕರ್ಧ ಬೇರಾವುದೋ ಗೋಂದು ಬೆರೆತಿತ್ತು. ಅಜ್ಜಿ ಬಾಯಿಗೆ ಹಾಕಿ ಅಗಿದು, ‘ಅಸಲಿ ಹಲ್ಲಿಗೆ ಮೆತ್ತಗೆ ಸಿಗುತ್ತದೆ, ಇದು ಪುಡಿಯಾಗುತ್ತದೆ’ ಎಂದು ಉಗಿದುಬಿಟ್ಟರು.

ಮಲೆನಾಡಿಗ

ಕಾರ್ಯದರ್ಶಿಗಳು ಯಶಸ್ಸಿನ ಒಂದು ಕಥೆ ಹೇಳಿ ಮುಳುಗಿದ ಹತ್ತು ಕಥೆಗಳನ್ನು ಬಿಟ್ಟಿದ್ದಾರೆ. 1980ರ ದಶಕದಲ್ಲಿ ಗ್ರೀಸಿನ ಸಹಕಾರ ಸಂಘಗಳು ರಾಜಕೀಯ ಪಕ್ಷಗಳ ಜಗಲಿಗಳಾಗಿ, ಮಾರುಕಟ್ಟೆ ಕೇಳದ ಬೆಲೆಗೆ ಕೊಂಡು, ಸಾಲದ ಹೊರೆಯಲ್ಲಿ ಒಂದರ ಮೇಲೊಂದು ಕುಸಿದವು. ಸಾಲ ಕೊಡಲೆಂದೇ 1929ರಲ್ಲಿ ಸ್ಥಾಪನೆಯಾಗಿದ್ದ ಕೃಷಿ ಬ್ಯಾಂಕು 2012ರಲ್ಲಿ, ದೇಶದ ಹಣಕಾಸು ಬಿಕ್ಕಟ್ಟಿನ ನಡುವೆ, ಬಾಗಿಲು ಮುಚ್ಚಿತು. ಅದರ ಸುಸ್ಥಿತಿಯ ಭಾಗವನ್ನು ಇನ್ನೊಂದು ಬ್ಯಾಂಕು ನುಂಗಿಕೊಂಡಿತು. ಅಲ್ಲಿನ ಹಿರಿಯ ರೈತನಿಗೆ ಸಂಘ ಎಂದರೆ ಖಿಯೋಸ್ ನೆನಪಾಗುವುದಿಲ್ಲ, ತಾನು ಹಾಕಿದ ಜಾಮೀನು ರುಜು ನೆನಪಾಗುತ್ತದೆ.

ಥೆಸಲೋನಿಕಿಯ ವಿದ್ಯಾರ್ಥಿನಿ

ಕಡ್ಡಾಯ ಸಂಘದ ಬಗ್ಗೆ ಒಂದು ತಿದ್ದುಪಡಿ ಅಗತ್ಯ. ಸಾಮೋಸ್ ದ್ವೀಪದ ದ್ರಾಕ್ಷಾರಸದ ಸಂಘವೂ 1934ರಿಂದ ಹೀಗೇ ನಡೆದಿತ್ತು. ಬೆಳೆಗಾರರಲ್ಲಿ ಕೆಲವರು, ‘ನಮ್ಮ ದ್ರಾಕ್ಷಿಯನ್ನು ನಾವೇ ಹಿಂಡುತ್ತೇವೆ, ಬಲವಂತದ ಸದಸ್ಯತ್ವ ಬೇಡ’ ಎಂದು ಸ್ಟ್ರಾಸ್‌ಬರ್ಗಿನ ಮಾನವಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದರು. 2015ರ ಡಿಸೆಂಬರಿನಲ್ಲಿ ತೀರ್ಪು ಅವರ ಪರವಾಗಿಯೇ ಬಂತು. ಗುಣಮಟ್ಟ ಕಾಪಾಡುವುದು ಸರಿಯಾದ ಉದ್ದೇಶವೇ ಆದರೂ ಅದಕ್ಕೆ ಇಷ್ಟು ಬಿಗಿಯಾದ ಕಟ್ಟು ಬೇಕಿಲ್ಲವೆಂಬುದು ಅದರ ಸಾರ. ಆದ್ದರಿಂದ 1938ರ ಮಾದರಿಯನ್ನು ಇಂದು ಆಲಿವ್ ಎಣ್ಣೆಗೆ ಹೊಸದಾಗಿ ಹೇರಲು ಹೊರಟರೆ ಮೊದಲ ನೋಟಿಸು ನ್ಯಾಯಾಲಯದಿಂದಲೇ ಬರುತ್ತದೆ.

ಹಾಗೆಂದು ನಾನು ಸಂಘಗಳ ವಿರೋಧಿಯಲ್ಲ. ಉತ್ತರ ಗ್ರೀಸಿನ ಕೊಜಾನಿಯ ಕೇಸರಿ ಸುಗ್ಗಿಯನ್ನು ಅಕ್ಟೋಬರ್ ಕೊನೆಯಲ್ಲಿ ಹೋಗಿ ನೋಡಿದ್ದೇನೆ. ಇಬ್ಬನಿ ಆರುವ ಮೊದಲೇ ಬೆನ್ನು ಬಗ್ಗಿಸಿ ನೇರಳೆ ಹೂ ಕಿತ್ತು ಬುಟ್ಟಿ ತುಂಬುತ್ತಾರೆ. ಮನೆಯಲ್ಲಿ ಫ್ಯಾನಿನ ಮುಂದೆ ಹೂ ಸುರಿದರೆ ಹಗುರವಾದ ಎಸಳುಗಳು ಹಾರಿ ದೂರ ಬೀಳುತ್ತವೆ, ಕೆಂಪು ಎಳೆಗಳು ಹತ್ತಿರ ಉಳಿಯುತ್ತವೆ. ನಮ್ಮವರು ಮೊರದಲ್ಲಿ ಕೇರಿದಂತೆಯೇ. ಆಮೇಲೆ ಹಳದಿ ಕೇಸರಗಳನ್ನು ಬೆರಳಿನಿಂದ ಹೆಕ್ಕಬೇಕು. ಒಂದು ಕಿಲೋ ಒಣ ಕೇಸರಿಗೆ ಸುಮಾರು 1,50,000 ಹೂಗಳು. ನಾನು ಒಂದು ಗಂಟೆ ಹೆಕ್ಕಿದೆ. ಪಕ್ಕದ ಅಜ್ಜಿ ನನ್ನ ರಾಶಿ ನೋಡಿ ಚಮಚವೊಂದನ್ನು ತಂದು ಪಕ್ಕಕ್ಕಿಟ್ಟು ನಕ್ಕರು. 1971ರಲ್ಲಿ ಆರಂಭವಾದ ಅಲ್ಲಿನ ಸಹಕಾರ ಸಂಘ ಎಲ್ಲರ ಎಳೆಗಳನ್ನು ಪರೀಕ್ಷಿಸಿ, ಒಂದೇ ಹೆಸರಿನಲ್ಲಿ ಪೊಟ್ಟಣ ಕಟ್ಟಿ ಹೊರದೇಶಗಳಿಗೆ ಕಳುಹಿಸುತ್ತದೆ. ಎರಡು ಸ್ಟ್ರೆಮ್ಮಾದವನ ಐನೂರು ಗ್ರಾಮನ್ನು ಬೇರೆ ಯಾರು ರಫ್ತು ಮಾಡಿಕೊಡುತ್ತಾರೆ?

ಕಾಫಿತೋಟ

ಕಡ್ಡಾಯ ಒಪ್ಪಿಸುವಿಕೆಯ ರುಚಿ ನಮಗೆ ಗೊತ್ತು. 1940ರ ದಶಕದಿಂದ 1990ರ ದಶಕದವರೆಗೆ ಕಾಫಿ ಮಂಡಳಿಯ ಪೂಲಿಗೇ, ಎಂದರೆ ಎಲ್ಲರ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೇ, ಬೆಳೆ ಕೊಡಬೇಕಿತ್ತು. ಅಪ್ಪ ಬೀಜ ಕೊಟ್ಟು ಬಂದರೆ ಹಣ ಕಂತುಕಂತಾಗಿ ಬರುತ್ತಿತ್ತು. ಕೊನೆಯ ಕಂತು ಬರುವಷ್ಟರಲ್ಲಿ ಯಾವ ವರ್ಷದ ಬೆಳೆಯದೆಂದು ಮರೆತಿರುತ್ತಿದ್ದರು. ಮುಕ್ತ ಮಾರಾಟ ಬಂದಾಗ ಹಬ್ಬ ಮಾಡಿದೆವು. ಬೆಲೆ ಕುಸಿದಾಗ ಅದೇ ಅಪ್ಪ, ‘ಪೂಲಿನಲ್ಲಿ ತಡವಾಗಿಯಾದರೂ ಬರುತ್ತಿತ್ತು’ ಎಂದು ಗೊಣಗಿದರು. ಎರಡೂ ನಿಜ.

ದಿನಸಿ ಅಂಗಡಿಯವಳು

ಬೆಂಗಳೂರಿನಲ್ಲಿ ವಿದೇಶಿ ದಿನಸಿ ಮಾರುವವಳಾಗಿ ಮುದ್ರೆಯ ಪರವಾಗಿ ಒಂದು ಮಾತು. ಸಂರಕ್ಷಿತ ಹೆಸರಿನ ಈ ಮುದ್ರೆಯನ್ನು ಯೂರೋಪಿನವರು ಪಿಡಿಓ ಎನ್ನುತ್ತಾರೆ. ನಾನು ಮೊದಲ ಸಲ ಕೇಳಿದಾಗ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೂ ಚೀಸಿಗೂ ಏನು ಸಂಬಂಧವೆಂದು ಯೋಚಿಸಿದ್ದೆ. ಫೆಟಾ ಎಂಬ ಚೀಸಿನ ಹೆಸರನ್ನು 2002ರಲ್ಲಿ ಗ್ರೀಸಿಗೆ ಮೀಸಲಿಟ್ಟರು. ಜರ್ಮನಿ ಮತ್ತು ಡೆನ್ಮಾರ್ಕ್ ಜಗಳ ತೆಗೆದು 2005ರಲ್ಲಿ ಸೋತವು. ಡೆನ್ಮಾರ್ಕಿನ ಡೈರಿಗಳು ಯೂರೋಪಿನ ಹೊರಗೆ ಮಾತ್ರ ಅದೇ ಹೆಸರಿನಲ್ಲಿ ಮಾರುತ್ತಲೇ ಇದ್ದವು. 2022ರ ಜುಲೈಯಲ್ಲಿ ಲಕ್ಸೆಂಬರ್ಗಿನ ಐರೋಪ್ಯ ನ್ಯಾಯಾಲಯ ಅದೂ ತಪ್ಪೆಂದಿತು. ಮುಖ್ಯವಾಗಿ ಕುರಿಯ ಹಾಲು, ಅದಕ್ಕೆ ಬೆರೆಸುವ ಮೇಕೆಯ ಹಾಲು ಹೆಚ್ಚೆಂದರೆ ಶೇಕಡಾ 30, ಕನಿಷ್ಠ ಎರಡು ತಿಂಗಳು ಮಾಗಿಸುವಿಕೆ: ಇಷ್ಟು ಕಟ್ಟುಪಾಡುಗಳಿರುವುದರಿಂದಲೇ ಗಿರಾಕಿಗೆ ಹೆಚ್ಚು ಬೆಲೆ ಏಕೆಂದು ಹೇಳಲು ನನಗೆ ಬಾಯಿ ಬರುತ್ತದೆ.

‘ಗ್ರೀಕ್ ಯೋಗರ್ಟ್’ ನೋಡಿ, ಅದಕ್ಕೆ ಇಂಥ ರಕ್ಷಣೆ ಇಲ್ಲ. ನನ್ನ ಶೀತಕಪಾಟಿನಲ್ಲಿರುವ ನಾಲ್ಕೂ ಡಬ್ಬಿಗಳು ಇಲ್ಲೇ ತಯಾರಾದವು. ಬಟ್ಟೆಯಲ್ಲಿ ಸೋಸಿದ ಗಟ್ಟಿ ಮೊಸರು, ಶ್ರೀಖಂಡಕ್ಕೆ ಸಕ್ಕರೆ ಹಾಕುವ ಮೊದಲಿನ ಸ್ಥಿತಿ, ಅಷ್ಟೇ. ಗ್ರೀಸಿನ ಯಾವ ಕುರಿಗಾಹಿಗೂ ಇದರಿಂದ ಒಂದು ಬಿಡಿಗಾಸಿಲ್ಲ.

ಲೆಕ್ಕಿಗ

ಫೆಟಾದ ಹೆಸರು ಉಳಿಯಿತೆಂದ ಮಾತ್ರಕ್ಕೆ ಕುರಿಗಾಹಿ ಉಳಿದನೆಂದು ಅರ್ಥವಲ್ಲ. ಹೆಸರಿನ ಲಾಭ ಮೊದಲು ಸೇರುವುದು ಹಾಲು ಕೊಳ್ಳುವ ಡೈರಿಗೆ. ಹಾಲಿನ ಬೆಲೆ ಚೌಕಾಸಿಯಾಗುವಾಗ ಮುದ್ರೆ ಯಾರ ಪಕ್ಕದಲ್ಲೂ ಕೂರುವುದಿಲ್ಲ. 2024ರಿಂದೀಚೆಗೆ ಕುರಿ ಪ್ಲೇಗು, ಆಮೇಲೆ ಕುರಿ ಸಿಡುಬು ಬಂದು ಲಕ್ಷಾಂತರ ಆಡುಕುರಿಗಳನ್ನು ಕೊಲ್ಲಬೇಕಾಯಿತು. ಕೊಟ್ಟಿಗೆ ಖಾಲಿಯಾದವನಿಗೆ ಲಕ್ಸೆಂಬರ್ಗಿನ ತೀರ್ಪಿನ ಪ್ರತಿಯಿಂದ ಏನು ಪ್ರಯೋಜನ?

ಮೆಸ್ಸೀನಿಯಾದಲ್ಲಿದ್ದವನು

ಹೆಸರಿನ ವಿಷಯ ಬಂದದ್ದರಿಂದ ನಾನು ಕಣ್ಣಾರೆ ಕಂಡ ಜಗಳವನ್ನು ಹೇಳಬೇಕು. ಕಪ್ಪುನೇರಳೆ ಬಣ್ಣದ, ಬಾದಾಮಿಯಾಕಾರದ, ಉಪ್ಪುನೀರಿನಲ್ಲಿ ಹಾಕಿದ ಆಲಿವ್ ಕಾಯಿಯನ್ನು ಜಗತ್ತೆಲ್ಲ ಕಲಮಾಟಾ ಎನ್ನುತ್ತದೆ. 1990ರ ದಶಕದಲ್ಲೇ ಆ ಹೆಸರಿಗೆ ಸಂರಕ್ಷಣೆ ಸಿಕ್ಕಿತು, ಆದರೆ ಮೆಸ್ಸೀನಿಯಾದ ಕಾಯಿಗೆ ಮಾತ್ರ. ವಿಚಿತ್ರವೆಂದರೆ ಆ ತಳಿಯ ಹೆಚ್ಚಿನ ತೋಪುಗಳಿರುವುದು ಮೆಸ್ಸೀನಿಯಾದ ಹೊರಗೆ, ಲಕೋನಿಯಾದಲ್ಲಿ, ಪಶ್ಚಿಮದ ಐತೋಲೋಅಕರ್ನಾನಿಯಾದಲ್ಲಿ. ಅಲ್ಲಿನವರು ‘ತಲೆತಲಾಂತರದಿಂದ ಇದನ್ನೇ ಬೆಳೆಯುತ್ತೇವೆ, ವಿದೇಶದ ಗಿರಾಕಿಗೆ ಈ ಹೆಸರೊಂದೇ ಗೊತ್ತು’ ಎಂದು ಪಟ್ಟು ಹಿಡಿದರು. 2018ರಲ್ಲಿ ಸರ್ಕಾರ ಕಲಮಾಟಾ ಎಂಬುದನ್ನು ತಳಿಯ ಹೆಸರೆಂದೂ ಒಪ್ಪಿತು. ನಮ್ಮ ಹಳ್ಳಿಯ ಕಾಫಿ ಅಂಗಡಿಯಲ್ಲಿ ಅದಿನ್ನೂ ಆರದ ಗಾಯ. ಯಜಮಾನರು, ‘ಊರಿನ ಹೆಸರನ್ನು ಮರಕ್ಕೆ ಕೊಟ್ಟರು, ಮರವನ್ನು ಯಾರು ಎಲ್ಲಿ ಬೇಕಾದರೂ ನೆಡಬಹುದು’ ಎಂದು ಟೇಬಲ್ಲು ಗುದ್ದುತ್ತಿದ್ದರು. ಅದೇ ಟೇಬಲ್ಲಿನಲ್ಲಿ ಕುಳಿತಿದ್ದ ಅವರ ಷಡ್ಡಕ ಲಕೋನಿಯಾದವನು. ಅವನು ಮಾತಾಡದೆ ಕಾಯಿ ತಿನ್ನುತ್ತಿದ್ದ.

ಥೆಸಲೋನಿಕಿಯ ವಿದ್ಯಾರ್ಥಿನಿ

ಎಲ್ಲರೂ ಮಾರಾಟದ ಮಾತನ್ನೇ ಆಡುತ್ತಿದ್ದೀರಿ. ಗುಣಮಟ್ಟ ತೋಪಿನಲ್ಲೇ ಕೆಟ್ಟರೆ ಮಾರಲು ಏನಿರುತ್ತದೆ? ದಾಕೋಸ್ ಎಂಬ ಹಣ್ಣುನೊಣ ಕಾಯಿಯೊಳಗೆ ಮೊಟ್ಟೆಯಿಟ್ಟರೆ ಎಣ್ಣೆಯ ಆಮ್ಲತೆ ಏರುತ್ತದೆ. ನೀವು ಆಕರ್ಷಕ ದ್ರಾವಣ ಸಿಂಪಡಿಸಿ ಪಕ್ಕದ ತೋಪಿನವನು ಸುಮ್ಮನಿದ್ದರೆ ಅವನ ನೊಣ ನಿಮ್ಮ ಮರಕ್ಕೆ ಬರುತ್ತದೆ. ಅದಕ್ಕಾಗಿಯೇ ಅಲ್ಲಿ ಸೀಮೆಗೆ ಸೀಮೆಯೇ ಒಟ್ಟಾಗಿ ಸಿಂಪಡಿಸುವ ಸರ್ಕಾರಿ ವ್ಯವಸ್ಥೆಯಿದೆ. ಟೆಂಡರು ತಡವಾದ ವರ್ಷ ನೊಣವೇನೂ ಕಾಯುವುದಿಲ್ಲ.

ಇನ್ನೊಂದು, ಕೊಯ್ಲಿನ ಕಾಲ. ಕಾಯಿ ಹಸಿರಿರುವಾಗಲೇ ಕಿತ್ತರೆ ಎಣ್ಣೆ ಕಡಿಮೆ, ಆದರೆ ಗಂಟಲು ಚುರುಗುಟ್ಟಿಸುವ ಫೀನಾಲುಗಳು ಹೆಚ್ಚು. 2012ರ ಐರೋಪ್ಯ ನಿಯಮದಂತೆ ಇಪ್ಪತ್ತು ಗ್ರಾಂ ಎಣ್ಣೆಯಲ್ಲಿ ಹೈಡ್ರಾಕ್ಸಿಟೈರೋಸಾಲ್ ಎಂಬ ಫೀನಾಲು ಮತ್ತದರ ಸಂಬಂಧಿಗಳು ಐದು ಮಿಲಿಗ್ರಾಂ ಇದ್ದರೆ ರಕ್ತದಲ್ಲಿನ ಕೊಬ್ಬು ಆಕ್ಸಿಡೀಕರಣದಿಂದ ಕೆಡದಂತೆ ಕಾಪಾಡುತ್ತದೆಂದು ಚೀಟಿಯಲ್ಲಿ ಬರೆಯಬಹುದು. ಕೊರೊನೇಕಿಗೆ ಇದು ಕಷ್ಟವಲ್ಲ. 1904ರಲ್ಲಿ ಥೆಸಲೋನಿಕಿಯಲ್ಲಿ ಆರಂಭವಾದ ಅಮೆರಿಕನ್ ಫಾರ್ಮ್ ಸ್ಕೂಲಿನಂಥ ಸಂಸ್ಥೆಗಳು ಕಿರಿಯ ರೈತರಿಗೆ ಕೃಷಿಯ ಪಾಠವನ್ನು ಹೇಳಿಕೊಡುತ್ತಲೇ ಬಂದಿವೆ. ಲೆಕ್ಕಿಗರು ತರಬೇತಿಯನ್ನು ಪೂರ್ತಿ ತಳ್ಳಿಹಾಕಿದ್ದು ಸರಿಯಲ್ಲ.

ಇತಿಹಾಸದ ಮೇಷ್ಟ್ರು

ರಫ್ತು ಎಂದೊಡನೆ ಕುಣಿಯುವವರಿಗೆ ಒಣದ್ರಾಕ್ಷಿಯ ಕಥೆ ತಿಳಿದಿರಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಫಿಲೊಕ್ಸೆರಾ ಎಂಬ ಕೀಟ ನಾಶಮಾಡಿತು. ಅಲ್ಲಿಯವರು ಗ್ರೀಸಿನ ಪುಟ್ಟ ಕಪ್ಪು ಒಣದ್ರಾಕ್ಷಿಯನ್ನು ತರಿಸಿ ಅದರಿಂದಲೇ ವೈನ್ ಮಾಡತೊಡಗಿದರು. ದಕ್ಷಿಣ ಗ್ರೀಸಿನ ಪೆಲೊಪೊನೀಸಿನ ರೈತರು ಆಲಿವ್ ಮರಗಳನ್ನೂ ಕಡಿದು ದ್ರಾಕ್ಷಿ ಹಾಕಿದರು. ಫ್ರಾನ್ಸಿನ ತೋಟಗಳು ಮತ್ತೆ ಚಿಗುರಿದವು, ಸುಂಕ ಏರಿತು, 1893ರಲ್ಲಿ ಬೆಲೆ ನೆಲಕಚ್ಚಿತು. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಧಾನಿ ತ್ರಿಕೂಪಿಸ್ ಕಾಲದ ಗ್ರೀಸು ದಿವಾಳಿಯೆದ್ದಿತು, ಹಳ್ಳಿಗಳ ಗಂಡುಮಕ್ಕಳು ಅಮೆರಿಕಕ್ಕೆ ಹಡಗು ಹತ್ತಿದರು. ಒಂದೇ ಬೆಳೆಯನ್ನು ಒಂದೇ ಗಿರಾಕಿಗೆ ಕಟ್ಟಿಹಾಕುವುದು ಟ್ಯಾಂಕರಿಗಿಂತಲೂ ದೊಡ್ಡ ಅಪಾಯ.

ಬಯಲುಸೀಮೆ

ಕೀಳುವ ಕೈ ಯಾರದು ಎಂದು ಒಬ್ಬರೂ ಕೇಳಲಿಲ್ಲ. ಅಲ್ಬೇನಿಯಾ, ಪಾಕಿಸ್ತಾನ, ಬಾಂಗ್ಲಾದೇಶ, ನಮ್ಮ ಪಂಜಾಬು. ಇವರಿಲ್ಲದೆ ಗ್ರೀಸಿನ ಸುಗ್ಗಿಯಿಲ್ಲ. 2013ರಲ್ಲಿ ಮನೊಲಾಡಾದ ಸ್ಟ್ರಾಬೆರಿ ಹೊಲದಲ್ಲಿ ಬಾಕಿ ಕೂಲಿ ಕೇಳಿದ ಬಾಂಗ್ಲಾ ಕಾರ್ಮಿಕರ ಮೇಲೆ ಗುಂಡು ಹಾರಿಸಿದ್ದನ್ನು ಮರೆಯಬೇಡಿ. ಬಾಟಲಿಯ ಚೀಟಿಯಲ್ಲಿ ಯಾವಾಗಲೂ ಬಿಳಿ ಮೀಸೆಯ ತಾತನ ಚಿತ್ರವೇ ಇರುತ್ತದೆ.

ಮೆಸ್ಸೀನಿಯಾದಲ್ಲಿದ್ದವನು

ಬಯಲುಸೀಮೆಯವರ ಮಾತು ಒಪ್ಪುತ್ತೇನೆ. ಯಜಮಾನರ ತೋಪಿನಲ್ಲಿ ಕೋಲು ಹಿಡಿದವರು ಇಬ್ಬರು ಅಲ್ಬೇನಿಯನ್ನರು, ಇಪ್ಪತ್ತು ವರ್ಷಗಳಿಂದ ಅದೇ ಊರಿನಲ್ಲಿರುವವರು. ಅವರಿಗೂ ಕೂಲಿಯ ಜೊತೆಗೆ ಎಣ್ಣೆಯ ಡಬ್ಬವಿತ್ತು.

ಫ್ರಾಂಕ್‌ಫರ್ಟ್ ಕನ್ನಡತಿ

ನೀವೆಲ್ಲ ಕಂಟೇನರಿನ ಮಾತಾಡುತ್ತಿದ್ದೀರಿ. ನಮ್ಮ ಬೀದಿಗೆ ಎಣ್ಣೆ ವ್ಯಾನಿನಲ್ಲಿ ಬರುತ್ತದೆ. ನಮ್ಮ ಮೇಲ್ಮನೆಯ ಗ್ರೀಕ್ ದಂಪತಿಗಳ ತಂದೆತಾಯಿ 1960ರ ದಶಕದಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದವರು. ಅವರ ಸೋದರಸಂಬಂಧಿಯೊಬ್ಬ ಪ್ರತಿ ಫೆಬ್ರುವರಿಯಲ್ಲಿ ಊರಿನ ಎಣ್ಣೆ ತುಂಬಿಕೊಂಡು ಬರುತ್ತಾನೆ. ಅಕ್ಟೋಬರಿನಲ್ಲೇ ನಾವು ಹೆಸರು ಬರೆಸಿ ಅರ್ಧ ಹಣ ಕೊಟ್ಟಿರುತ್ತೇವೆ. ಲೆಕ್ಕಿಗರ ಆರು ತಿಂಗಳ ಕಂದಕ ಇಲ್ಲಿ ತಿರುಗುಮುರುಗಾಗಿದೆ: ಗಿರಾಕಿಯೇ ರೈತನಿಗೆ ಸಾಲ ಕೊಟ್ಟಂತೆ. ಹನ್ನೆರಡು ರೈತರ ಎಣ್ಣೆ, ಒಂದು ವ್ಯಾನು, ಸುಮಾರು ಇನ್ನೂರು ಮನೆ. ಸಂಘ ಎನ್ನಿ, ನೆಂಟಸ್ತಿಕೆ ಎನ್ನಿ.

ಹಳೇ ಸೊಸೈಟಿ ಕಾರ್ಯದರ್ಶಿ

ಹನ್ನೆರಡು ಜನ ಒಬ್ಬರನ್ನೊಬ್ಬರು ನಂಬಿ, ಒಂದೇ ಬೆಲೆಗೆ ಮಾರಿದರೆ ಅದು ಸಂಘವೇ ತಾಯಿ. ರಿಜಿಸ್ಟರ್ ಪುಸ್ತಕವಿಲ್ಲ, ಅಷ್ಟೇ.

ಮಲೆನಾಡಿಗ

ಪುಸ್ತಕ ಇಲ್ಲದ್ದರಿಂದಲೇ ನಡೆಯುತ್ತಿದೆ.

ಮೆಸ್ಸೀನಿಯಾದಲ್ಲಿದ್ದವನು

ನಿನ್ನೆ ಯಜಮಾನರಿಗೆ ಫೋನು ಮಾಡಿ ಇದನ್ನೆಲ್ಲ ವಿವರಿಸಿದೆ. ಖಿಯೋಸಿನ ಮಾತಿಗೆ ‘ಅವರು ದ್ವೀಪದವರು’ ಎಂದರು, ಫೀನಾಲಿನ ಮಾತಿಗೆ ಸುಮ್ಮನಾದರು, ವ್ಯಾನಿನ ಮಾತಿಗೆ ಮಾತ್ರ ಎರಡು ಸಲ ‘ಮುಂಗಡ ಎಷ್ಟು ಕೊಡುತ್ತಾರೆ?’ ಎಂದು ಕೇಳಿದರು. ಮುಂದಿನ ಸುಗ್ಗಿಗೆ ಮೂವತ್ತು ಡಬ್ಬ ಬೇರೆಯಿಡಲು ತಯಾರಿದ್ದಾರೆ, ಉಳಿದದ್ದು ಟ್ಯಾಂಕರಿಗೇ.

ಲೆಕ್ಕಿಗ

ಹದಿನೇಳು ಕಿಲೋ ಡಬ್ಬವನ್ನು ಮನೆಬಳಕೆಯ ಗಿರಾಕಿಗೆ ಮಾರುವಂತಿಲ್ಲ. ಐರೋಪ್ಯ ನಿಯಮದ ಪ್ರಕಾರ ಒಮ್ಮೆ ತೆರೆದರೆ ಮತ್ತೆ ಮೊದಲಿನಂತೆ ಮುದ್ರೆ ಹಾಕಲಾಗದ ಮುಚ್ಚಳವಿರುವ, ಐದು ಲೀಟರಿಗೆ ಮೀರದ ಪಾತ್ರೆಯಾಗಿರಬೇಕು. ವ್ಯಾನಿನವನಿಗೂ ತಿಳಿಸಿ.

ಫ್ರಾಂಕ್‌ಫರ್ಟ್ ಕನ್ನಡತಿ

ಹಾಗಾದರೆ ಐದು ಲೀಟರಿನ ತಗಡಿನಲ್ಲೇ ಕಳುಹಿಸಲಿ; ಹಳೆಯ ಒಂದು ಡಬ್ಬಕ್ಕೆ ಹೊಸ ನಾಲ್ಕು ಹತ್ತಿರ ಹತ್ತಿರ ಸರಿಹೋಗುತ್ತವೆ. ನನ್ನ ಹೆಸರಿಗೆ ಎಂಟು ಬರೆದುಕೊಳ್ಳಲು ಹೇಳಿ, ಹಸಿರಿರುವಾಗಲೇ ಕಿತ್ತದ್ದು ಬೇಕು. ಮೇಲ್ಮನೆಯವರನ್ನು ಸಂಜೆ ಕೇಳಿ ತಿಳಿಸುತ್ತೇನೆ. ಅವರು ಲಕೋನಿಯಾದವರು, ಮೆಸ್ಸೀನಿಯಾದ ಎಣ್ಣೆ ಒಪ್ಪುತ್ತಾರೋ ಇಲ್ಲವೋ ನೋಡಬೇಕು.